ಡೈಪರ್ ಬಿಚ್ಚಿ ನೇರ ಚಡ್ಡಿಗೆ: ಮೂರನೇ ಸಲ ಕೈಹಿಡಿದ ದಾರಿ

ಮಗಳಿಗೆ ಈಗ ಎರಡು ವರ್ಷ ಹತ್ತು ತಿಂಗಳು. ಹಗಲಿನ ಡೈಪರ್ ಬಿಟ್ಟು ನಾಲ್ಕೂವರೆ ತಿಂಗಳಾಯಿತು. ರಾತ್ರಿಯದೂ ಬಿಟ್ಟು ಮೂರು ವಾರ ಆಗುತ್ತಾ ಬಂತು. ಮಧ್ಯೆ ಪುಲ್‌ಅಪ್ (ಚಡ್ಡಿಯ ಹಾಗೆ ಎಳೆದು ಹಾಕುವ ಡೈಪರ್) ಬೇಡ, ಡೈಪರ್ ಬಿಚ್ಚಿದ ದಿನವೇ ತೆಳು ಚಡ್ಡಿ ಹಾಕುತ್ತೇನೆ ಎಂದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ಹೆಂಡತಿಗೆ ಅರ್ಧ ಮನಸ್ಸು. ಹಿರಿಯರು "ಮನೆಯೆಲ್ಲ ನಾರುತ್ತೆ" ಅಂದರು. ಅದೇ ವಯಸ್ಸಿನ ಮಕ್ಕಳಿರುವ ಗೆಳೆಯರು "ಮೂರು ದಿನಕ್ಕೆ ಮತ್ತೆ ಡೈಪರ್ ಹಾಕ್ತೀಯ, ನೋಡು" ಅಂದರು. ಈಗ ಅವರಲ್ಲಿ ಇಬ್ಬರು ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದ್ದಾರೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಮೊದಲು ಸೋತದ್ದನ್ನು ಹೇಳುತ್ತೇನೆ. ನನಗೆ ಜಾಸ್ತಿ ಕಲಿಸಿದ್ದು ಅದೇ.

ಮೊದಲ ಸಲ ಶುರು ಮಾಡಿದಾಗ ಅವಳಿಗೆ ಒಂದು ವರ್ಷ ಎಂಟು ತಿಂಗಳು. ಪಾಟಿ (ಮಕ್ಕಳು ಸುಸು, ಕಕ್ಕಕ್ಕೆ ಕೂರುವ ಚಿಕ್ಕ ಪೀಠ) ತಂದೆ, ಅರ್ಧ ಗಂಟೆಗೊಮ್ಮೆ ಟೈಮರ್ ಇಟ್ಟೆ, ಬೆಲ್ ಹೊಡೆದಾಗಲೆಲ್ಲ ಎತ್ತಿ ಕೂರಿಸಿದೆ. ಮೊದಲ ಎರಡು ದಿನ ಅವಳಿಗೆ ಅದು ಆಟ. ಮೂರನೇ ದಿನ ಬೆಲ್ ಕೇಳಿದ ಕೂಡಲೇ ಮೈ ಕೋಲಿನಂತೆ ಸೆಟೆಸಿಕೊಂಡಳು. ಐದನೇ ದಿನ ಪಾಟಿ ಕಂಡರೆ ಅಳು. ಪ್ಯಾಂಟ್ ಕೆಳಗೆ ಎಳೆಯೋಕೆ ಅವಳಿಗೆ ಆಗ ಬರುತ್ತಲೇ ಇರಲಿಲ್ಲ. ಡೈಪರ್ ಒಂದು ಗಂಟೆಯೂ ಒಣಗಿರುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ಶುರು ಮಾಡಿದ್ದು ತಪ್ಪು. ಪಾಟಿಯನ್ನು ಅಟ್ಟಕ್ಕೆ ಹಾಕಿದೆ.

ಎರಡನೇ ಸಲ ಎರಡು ವರ್ಷ ಒಂದು ತಿಂಗಳಿಗೆ. ಆಗ ಎಲ್ಲರೂ ಹೇಳಿದ್ದು ಪುಲ್‌ಅಪ್. ಚಡ್ಡಿಯ ಹಾಗೆ ಎಳೆದು ಹಾಕಬಹುದು, ಡೈಪರ್‌ನ ಹಾಗೆ ಹೀರುತ್ತೆ, ಎರಡೂ ಕಡೆ ಲಾಭ ಅಂತ. ಏಳು ವಾರ ಹಾಕಿದೆ. ದಿನಕ್ಕೆ ಏಳರಂತೆ ಹಿಡಿದರೂ ಹತ್ತಿರ ಹತ್ತಿರ 340 ಪುಲ್‌ಅಪ್. ಒಂದರ ಬೆಲೆ ನಾವು ಕೊಳ್ಳುತ್ತಿದ್ದ ಡೈಪರ್‌ನ ಒಂದೂವರೆ ಪಟ್ಟು. ಅಂದರೆ ಏಳು ವಾರದಲ್ಲಿ ಸುಮಾರು ಮೂರು ತಿಂಗಳ ಡೈಪರ್ ದುಡ್ಡು ಹೋಯಿತು. ಅವಳು ಕಲಿತದ್ದು ಸೊನ್ನೆ. ಅವಳ ಮಟ್ಟಿಗೆ ಅದೂ ಡೈಪರ್ರೇ. ಒಳಗಿನ ಪುಡಿ ಸುಸುವನ್ನು ಕ್ಷಣದಲ್ಲಿ ಜೆಲ್ ಮಾಡಿಬಿಡುತ್ತೆ, ಚರ್ಮಕ್ಕೆ ಒದ್ದೆ ತಾಗುವುದೇ ಇಲ್ಲ. ಒದ್ದೆ ತಾಗದಿದ್ದರೆ ಮಗುವಿಗೆ ಸುದ್ದಿ ಮುಟ್ಟುವುದು ಹೇಗೆ? ಅಲ್ಲಿಗೆ ನಾನು ತೀರ್ಮಾನ ಮಾಡಿದೆ. ಇನ್ನು ಹೀರುವ ಬಟ್ಟೆ ಯಾವುದೂ ಬೇಡ.

ಆ ಏಳು ವಾರದ ಕೊನೆಗೆ ಇನ್ನೊಂದು ಕಷ್ಟ ಬಂತು. ಕಕ್ಕ ತಡೆಹಿಡಿಯೋಕೆ ಶುರು ಮಾಡಿದಳು. ಒಮ್ಮೆ ನಾಲ್ಕು ದಿನ ಆಗಲೇ ಇಲ್ಲ, ಐದನೇ ದಿನ ಗಟ್ಟಿಯಾಗಿ ಬಂದು ನೋವಾಯಿತು. ನೋವಾದ ಮೇಲೆ ಇನ್ನೂ ಜಾಸ್ತಿ ತಡೆದಳು. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ಅವರು ಹೇಳಿದಂತೆ ಔಷಧಿ ಕೊಟ್ಟು, ಹೊಟ್ಟೆ ಪೂರ್ತಿ ಸರಿ ಆಗೋಕೆ ಎರಡು ತಿಂಗಳು ಹಿಡಿಯಿತು. ಅಲ್ಲಿಯ ತನಕ ತರಬೇತಿಯ ಮಾತೇ ಎತ್ತಲಿಲ್ಲ. ಮಲಬದ್ಧತೆ ಇರುವಾಗ ಡೈಪರ್ ಬಿಡಿಸೋಕೆ ಹೊರಡಬೇಡಿ. ಹೊಟ್ಟೆ ಸರಿ ಇಲ್ಲದ ಮಗು ಸುಸುವನ್ನೂ ಸರಿಯಾಗಿ ಹಿಡಿಯಲ್ಲ. ದೊಡ್ಡ ಕರುಳು ತುಂಬಿದ್ದರೆ ಅದು ಮೂತ್ರಕೋಶವನ್ನು ಒತ್ತುತ್ತಾ ಇರುತ್ತೆ.

ಮೂರನೇ ಸಲಕ್ಕೆ ಮುಂಚೆ ಒಂದು ಕೆಲಸ ಮಾಡಿದೆ. ಗೆದ್ದದ್ದು ಅದರಿಂದಲೇ ಎಂದು ನನ್ನ ನಂಬಿಕೆ. ಡೈಪರ್ ತೂಕ ಹಾಕಿದೆ. ಚಿಕ್ಕ ತಕ್ಕಡಿಯಲ್ಲಿ ಒಣ ಡೈಪರ್ ಸುಮಾರು 30 ಗ್ರಾಂ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿಲಿ ಸುಸು. ಮೂರು ದಿನ, ಅವಳು ಎದ್ದಿರುವಷ್ಟು ಹೊತ್ತೂ ಅರ್ಧ ಗಂಟೆಗೊಮ್ಮೆ ನೋಡಿ, ಒದ್ದೆಯಾಗಿದ್ದರೆ ತೆಗೆದು ತೂಗಿ, ಹೊತ್ತು ಬರೆದೆ. ಆ ಮೂರು ದಿನಕ್ಕೆ ಡೈಪರ್ ಜಾಸ್ತಿಯೇ ಖರ್ಚಾಯಿತು, ಇಪ್ಪತ್ತೆಂಟೋ ಮೂವತ್ತೋ. ಆದರೆ ಕೈಗೆ ಬಂದ ಲೆಕ್ಕಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಒಂದು ಸಲಕ್ಕೆ ಅವಳು ಮಾಡುತ್ತಿದ್ದದ್ದು 60ರಿಂದ 80 ಮಿಲಿ. ಬೆಳಿಗ್ಗೆ ಎದ್ದ ಇಪ್ಪತ್ತು ನಿಮಿಷದೊಳಗೆ ಮೊದಲನೆಯದು. ಆಮೇಲೆ ಮಧ್ಯಾಹ್ನದ ತನಕ ಸುಮಾರು ಒಂದು ಗಂಟೆ ಹತ್ತು ನಿಮಿಷದ ಅಂತರ. ನಿದ್ದೆಯ ಎರಡು ಗಂಟೆ ಒಣ. ಸಂಜೆ ಮಾತ್ರ ಬೇಗ ಬೇಗ, ನಲವತ್ತು ನಲವತ್ತೈದು ನಿಮಿಷಕ್ಕೆ ಒಂದು. ಮೊದಲ ಸಲದ ನನ್ನ ಟೈಮರ್ ಬೆಳಿಗ್ಗೆ ಸುಮ್ನೆ ಕಾಟ ಕೊಟ್ಟಿತ್ತು, ಸುಸುವೇ ಇಲ್ಲದಾಗ ಕೂರಿಸಿದ ಹಾಗೆ. ಪ್ರತಿ ಮಗುವಿಗೂ ಇಂಥ ಒಂದು ಗಡಿಯಾರ ಇರುತ್ತೆ. ನಿಮ್ಮ ಮಗುವಿನದು ನನ್ನ ಮಗಳದಾಗಿರಲ್ಲ. ಬರೆದು ನೋಡದೆ ಗೊತ್ತಾಗಲ್ಲ.

ಚಡ್ಡಿಯ ವಿಷಯದಲ್ಲಿ ಒಂದು ಸಂಜೆ ಪೂರ್ತಿ ಕೂತು ಪರೀಕ್ಷೆ ಮಾಡಿದೆ. ಮೂರು ಬಗೆಯವು ಇದ್ದವು. ಸಾದಾ ತೆಳು ಹತ್ತಿಯದು, ಮೂರು ಪದರದ ಟ್ರೇನಿಂಗ್ ಚಡ್ಡಿ, ಆರು ಪದರದ್ದು. ಒಂದೊಂದನ್ನೂ ಬಕೆಟ್ ಬಾಯಿಗೆ ಕಟ್ಟಿ, 50 ಮಿಲಿ ಬೆಚ್ಚಗಿನ ನೀರು ಸುರಿದೆ. ತೆಳುವಿನದರಲ್ಲಿ ನೀರು ಹಾಗೇ ಇಳಿದುಹೋಯಿತು. ಮೂರು ಪದರದ್ದು ಇಪ್ಪತ್ತು ಮಿಲಿಯಷ್ಟು ಹಿಡಿಯಿತು. ಆರು ಪದರದ್ದು ಬಹುಪಾಲು ಕುಡಿದು, ಹೊರಮೈ ಒದ್ದೆಯಾಗೋಕೆ ಒಂದು ನಿಮಿಷ ತೆಗೆದುಕೊಂಡಿತು. ಎಲ್ಲರೂ ಆರು ಪದರದ್ದನ್ನು ಹೊಗಳುತ್ತಾರೆ. ನೆಲ ಉಳಿಸೋಕೆ ಅದು ಒಳ್ಳೆಯದೇ. ಆದರೆ ನನಗೆ ಬೇಕಾಗಿದ್ದು ಸುಸು ಕಾಲ ಮೇಲೆ ಇಳಿಯುವುದು. ತೆಳುವಿನದನ್ನೇ 22 ತಂದೆ, ಅವಳ ಅಳತೆಗಿಂತ ಒಂದು ಸೈಜ್ ದೊಡ್ಡದು. ಬಿಗಿಯಾದ ಚಡ್ಡಿ ಸೊಂಟಕ್ಕೆ ಡೈಪರ್ ಹಾಗೇ ಅನ್ನಿಸುತ್ತೆ. ಎಳೆಯೋಕೆ ಮಗುವಿನ ಹೆಬ್ಬೆರಳು ಒಳಗೆ ಹೋಗಲ್ಲ. ಸಡಿಲ ಇದ್ದರೆ ತಾನೇ ಎಳೆದುಕೊಳ್ಳುತ್ತೆ.

ಮೊದಲು ಮೂರು ದಿನ ಕೆಳಗೆ ಏನೂ ಹಾಕದೆ ಬಿಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಅದನ್ನೂ ಎರಡು ದಿನ ಮಾಡಿ ನೋಡಿದೆ. ಬರಿಮೈಯಲ್ಲಿ ಇದ್ದಾಗ ಓಡಿ ಹೋಗಿ ಪಾಟಿಯಲ್ಲೇ ಮಾಡಿದಳು. ಚಡ್ಡಿ ಹಾಕಿದ ತಕ್ಷಣ ಅದರಲ್ಲೇ ಬಿಟ್ಟಳು. ಸೊಂಟಕ್ಕೆ ಬಟ್ಟೆ ತಾಗಿದರೆ ಬಿಡಬಹುದು ಅಂತ ಎರಡು ವರ್ಷ ನಾವೇ ಕಲಿಸಿದ್ದೇವೆ, ಅಲ್ವಾ. ಹಾಗಾಗಿ ಮರೆಸಬೇಕಾಗಿದ್ದು ಅದನ್ನು. ಅದು ಬಟ್ಟೆ ಹಾಕಿದಾಗಲೇ ಆಗಬೇಕು.

ತೆಳು ಚಡ್ಡಿ ಹಾಕಿದ ಮೊದಲ ದಿನ ಒಂಬತ್ತು ಸಲ ಒದ್ದೆ. ಪಾಟಿಗೆ ಬಿದ್ದದ್ದು ಒಂದು ಸಲ, ಅದೂ ಅರ್ಧ. ಆದರೆ ಆ ದಿನ ನಾನು ಕಂಡ ಒಂದು ಗಳಿಗೆ ಮರೆಯಲ್ಲ. ಬ್ಲಾಕ್ ಜೋಡಿಸುತ್ತಾ ನಿಂತಿದ್ದಳು. ಕೈ ನಿಂತಿತು. ಎಡಗಾಲಿನ ಒಳಬದಿಯಲ್ಲಿ ಒಂದು ಗೆರೆ ಇಳಿಯಿತು, ಮೊಣಕಾಲು ದಾಟಿ ಹಿಮ್ಮಡಿಗೆ ಬಂತು. ಅವಳು ಕಾಲ್ಬೆರಳುಗಳನ್ನೆಲ್ಲ ಮೇಲೆತ್ತಿ, ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅದು ತನ್ನಿಂದಲೇ ಬಂತು ಅಂತ ಅವಳಿಗೆ ಮೊದಲ ಸಲ ಗೊತ್ತಾಯಿತು. ಏಳು ವಾರದ ಪುಲ್‌ಅಪ್ ಕೊಡದೇ ಇದ್ದದ್ದನ್ನು ಒಂದು ತೆಳು ಚಡ್ಡಿ ಅರ್ಧ ನಿಮಿಷದಲ್ಲಿ ಕೊಟ್ಟಿತು. ನಾನು "ಸುಸು ಬಂತು. ಸುಸು ಪಾಟಿಗೆ" ಅಂತಷ್ಟೇ ಹೇಳಿ, ಅವಳ ಕೈಗೂ ಒಂದು ಬಟ್ಟೆ ಕೊಟ್ಟೆ. ಇಬ್ಬರೂ ಒರೆಸಿದೆವು.

ಎರಡನೇ ದಿನ ಏಳು. ಮೂರನೇ ದಿನ ನಾಲ್ಕು. ಐದನೇ ದಿನ ಎರಡು. ಎಂಟನೇ ದಿನ ಒಂದೂ ಇಲ್ಲ.

ಈ ದಿನಗಳಲ್ಲಿ ನಾನು ಬಿಟ್ಟುಕೊಡದ ನಿಯಮ ಒಂದೇ. "ಸುಸು ಬಂತಾ?" ಅಂತ ಕೇಳುವ ಹಾಗಿಲ್ಲ. ಕೇಳಿದರೆ ಎರಡು ವರ್ಷದ ಮಗುವಿನ ಉತ್ತರ "ಇಲ್ಲ", ಯಾವಾಗಲೂ. ಬರೆದಿಟ್ಟ ಹೊತ್ತು ಹತ್ತಿರ ಬಂದಾಗ "ಈಗ ಪಾಟಿ, ಆಮೇಲೆ ಬ್ಲಾಕ್" ಅಂತ ಹೇಳಿ ಕೈಹಿಡಿದು ಹೋಗುವುದು. ಒಂದು ನಿಮಿಷ ಕೂತು ಬಾರದಿದ್ದರೆ ಏಳಿಸುವುದು. ಹೊತ್ತಿನ ಜೊತೆಗೆ ಮೈಯನ್ನೂ ನೋಡುತ್ತಿದ್ದೆ. ಅವಳದು ಕುಣಿತ ಅಲ್ಲ. ಮಾತಾಡುತ್ತಾ ಇದ್ದವಳು ಸುಮ್ಮನಾಗಿ, ಬಲ ಹಿಮ್ಮಡಿಯನ್ನು ನೆಲಕ್ಕೆ ಒತ್ತುತ್ತಾಳೆ. ಅದು ಕಂಡರೆ ನಮಗಿರುವುದು ಐದಾರು ಸೆಕೆಂಡ್. ಹಾಗಾಗಿ ಒಂದರ ಬದಲು ಎರಡು ಪಾಟಿ ಇಟ್ಟೆ, ಎರಡೂ ಆಟದ ಜಾಗದಿಂದ ಅವಳ ಹತ್ತು ಹೆಜ್ಜೆಯೊಳಗೆ.

ಹತ್ತನೇ ದಿನ ಮತ್ತೆ ಐದು ಸಲ ಒದ್ದೆ. ಮನೆಗೆ ನೆಂಟರು ಬಂದಿದ್ದರು, ಎಲ್ಲರೂ ಸೇರಿ ಐದೈದು ನಿಮಿಷಕ್ಕೆ "ಬಂತಾ, ಬಂತಾ" ಅಂತ ಕೇಳಿದರು. ಇಂಥ ದಿನ ಬಂದೇ ಬರುತ್ತೆ. ಆ ಸಂಜೆ "ಡೈಪರ್ ಹಾಕಿಬಿಡು" ಎಂಬ ಮಾತು ಮೂರು ಕಡೆಯಿಂದ ಬಂತು. ಹಾಕಲಿಲ್ಲ. ಮಾರನೇ ದಿನ ಒಂದೇ ಒದ್ದೆ.

ಸ್ಟಿಕ್ಕರ್ ಪ್ರಯೋಗವನ್ನೂ ಮಾಡಿದೆ. ಪ್ರತಿ ಸುಸುವಿಗೆ ಒಂದು. ಮಧ್ಯಾಹ್ನದ ಹೊತ್ತಿಗೆ ಅವಳು ಒಂದೇ ಗಂಟೆಯಲ್ಲಿ ಎಂಟು ಸ್ಟಿಕ್ಕರ್ ಗಳಿಸಿದಳು, ಸಲಕ್ಕೆ ಒಂದು ಚಮಚದಷ್ಟು ಮಾಡಿ ಎದ್ದು. ಪೂರ್ತಿ ಖಾಲಿ ಮಾಡುವ ಅಭ್ಯಾಸ ಕೆಡುತ್ತೆ ಅನ್ನಿಸಿ ಅಂದೇ ನಿಲ್ಲಿಸಿದೆ.

ಡೇಕೇರ್‌ನವರು ಪುಲ್‌ಅಪ್ ಇಲ್ಲದೆ ಕಳಿಸಬೇಡಿ ಅಂದರು. ಒಂದು ವಾರ ರಜೆ ಹಾಕಿ ಮನೆಯಲ್ಲೇ ಗಟ್ಟಿ ಮಾಡಿ, ಆಮೇಲೆ ಐದು ಜೊತೆ ಬಟ್ಟೆ, ಒದ್ದೆ ಬಟ್ಟೆಗೊಂದು ಚೀಲ, ಅವಳ ಹೊತ್ತಿನ ಚೀಟಿ ಕೊಟ್ಟು ಕಳಿಸಿದೆ. ಮೊದಲ ವಾರ ದಿನಕ್ಕೆ ಎರಡು ಜೊತೆ ವಾಪಸ್ ಬಂತು. ಮೂರನೇ ವಾರ ಐದೂ ಮಡಚಿದ ಹಾಗೇ ಬಂದವು. ಈಗ ಬೇರೆ ಮಕ್ಕಳಿಗೂ ಅಂಥ ಚೀಟಿ ಬರೆಸುತ್ತಿದ್ದಾರೆ.

ಕಕ್ಕದ ದಾರಿ ಬೇರೆ. ಅದಕ್ಕೆ ಮೂರೂವರೆ ವಾರ ಜಾಸ್ತಿ ಹಿಡಿಯಿತು. ಸುಸು ಪಾಟಿಯಲ್ಲಿ, ಕಕ್ಕಕ್ಕೆ ಮಾತ್ರ ಡೈಪರ್ ಕೇಳುತ್ತಿದ್ದಳು. ಹಿಂದೆ ನೋವು ತಿಂದ ಮಗು, ನಾನು ಹಟ ಮಾಡಲಿಲ್ಲ, ಕೊಟ್ಟೆ. ಆದರೆ ಬಾತ್‌ರೂಮಿನಲ್ಲಿ ಮಾತ್ರ. ಆಮೇಲೆ ಡೈಪರ್ ಹಾಕಿಕೊಂಡೇ ಪಾಟಿ ಮೇಲೆ ಕೂರುವುದು. ಆಮೇಲೆ ತಳದಲ್ಲಿ ತೂತು ಕತ್ತರಿಸಿದ ಡೈಪರ್. ಪ್ರತಿ ಸಲ ಕಾಲ ಕೆಳಗೆ ಮಣೆ. ಪಾದ ಪೂರ್ತಿ ಊರಬೇಕು, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು. ಕಾಲು ತೂಗಾಡಿದರೆ ತಿಣುಕೋಕೆ ಬಲ ಬರಲ್ಲ. ಹೊತ್ತು ಊಟವಾದ ಹದಿನೈದು ಇಪ್ಪತ್ತು ನಿಮಿಷಕ್ಕೆ. ತೂತಿನ ಡೈಪರ್‌ನಿಂದ ಬರಿ ಪಾಟಿಗೆ ದಾಟಿಸೋಕೆ ಇನ್ನೊಂದು ಉಪಾಯ ಮಾಡಿದೆ, ಎರಡೇ ದಿನದಲ್ಲಿ ಕೆಲಸ ಮಾಡಿತು. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ತಮ್ಮನ ಮಗ ಶುರು ಮಾಡುವವನಿದ್ದಾನೆ, ಅವನಲ್ಲೂ ನಡೆದ ಮೇಲೆ ಹೇಳುತ್ತೇನೆ.

ಒಗೆಯುವುದರಲ್ಲಿ ಎರಡು ಮಾತು. ಒದ್ದೆ ಚಡ್ಡಿ ಮೊದಲು ತಣ್ಣೀರಿನಲ್ಲಿ ಜಾಲಿಸಿ. ನೆಲ ಒರೆಸುವ ಬಟ್ಟೆಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಹೀರುವುದು ಕಮ್ಮಿ ಆಗುತ್ತೆ. ಸೋಫಾ ಹೊದಿಕೆಯಡಿ ನೀರು ಇಳಿಯದ ಹಾಳೆ ಹಾಕಿದ್ದೆ. ಕಾರ್ಪೆಟ್ ಸುತ್ತಿಟ್ಟಿದ್ದೆ. ಮನೆ ನಾರಲಿಲ್ಲ.

ದುಡ್ಡಿನ ಲೆಕ್ಕ. ಮೊದಲು ದಿನಕ್ಕೆ ಆರು, ತಿಂಗಳಿಗೆ 180 ಡೈಪರ್. 22 ಚಡ್ಡಿ, ಇನ್ನೊಂದು ಪಾಟಿ, ಎರಡು ಹಾಳೆ, ಮಣೆ ಎಲ್ಲ ಸೇರಿ ಒಂದು ತಿಂಗಳ ಡೈಪರ್ ಖರ್ಚಿನಷ್ಟಾಯಿತು. ಸುಮಾರು ಐದು ವಾರದಲ್ಲಿ ಅದು ವಾಪಸ್ ಬಂತು. ಆಮೇಲೆ ರಾತ್ರಿಗೆ ಒಂದರಂತೆ ತಿಂಗಳಿಗೆ ಮೂವತ್ತೇ. ಪುಲ್‌ಅಪ್‌ಗೆ ಸುರಿದದ್ದು ಮಾತ್ರ ವಾಪಸ್ ಬರಲ್ಲ.

ರಾತ್ರಿಗೆ ನಾನು ಏನೂ ಕಲಿಸಲಿಲ್ಲ. ಅದು ಕಲಿಸಿ ಬರುವಂಥದ್ದಲ್ಲ, ಮೈ ತಾನಾಗಿ ಬಲಿಯಬೇಕು. ಐದು ವರ್ಷದ ತನಕ ಹಾಸಿಗೆ ಒದ್ದೆಯಾದರೂ ಗಾಬರಿ ಬೇಡ. ಬೆಳಿಗ್ಗೆ ಡೈಪರ್ ತೂಗುವುದನ್ನು ಮಾತ್ರ ಬಿಡಲಿಲ್ಲ. ಮೊದಮೊದಲು 230, 250 ಗ್ರಾಂ. ಎರಡು ತಿಂಗಳಿಗೆ 120. ಹೋದ ತಿಂಗಳು ಒಂಬತ್ತು ಬೆಳಿಗ್ಗೆ ಸಾಲಾಗಿ ಮೂವತ್ತರ ಆಸುಪಾಸಿನಲ್ಲೇ ನಿಂತಿತು, ಅಂದರೆ ಒಣ. ಹತ್ತನೇ ರಾತ್ರಿ ಚಡ್ಡಿ ಹಾಕಿ ಮಲಗಿಸಿದೆ. ಅಂದಿನಿಂದ ಹತ್ತೊಂಬತ್ತು ರಾತ್ರಿಯಲ್ಲಿ ಎರಡು ಸಲ ಒದ್ದೆ. ಹಾಸಿಗೆಯ ಹಾಳೆಯನ್ನು ಇನ್ನೂ ಎರಡು ತಿಂಗಳು ತೆಗೆಯುವುದಿಲ್ಲ.