ಥಾರ್ ಮರಳಲ್ಲಿ ಕ್ಯಾಮೆರಾ ಹೊತ್ತು ನಡೆದಿದ್ದು

ಮರಳುಗಾಡಿನ ಫೋಟೋ ಅಂದ ಕೂಡಲೇ ಎಲ್ಲರೂ ಕೇಳುವುದು ಲೆನ್ಸ್ ಬಗ್ಗೆ. ನನ್ನನ್ನು ಕೇಳಿದರೆ ಮೊದಲು ಕಾಲಿನ ಬಗ್ಗೆ ಮಾತಾಡಬೇಕು. ಎಲ್ಲಿ ಕಾಲಿಡಬೇಕು, ಅದಕ್ಕಿಂತ ಜಾಸ್ತಿ ಎಲ್ಲಿ ಇಡಬಾರದು ಅಂತ. ಗುಡ್ಡದಲ್ಲಿ ನೀವು ನಡೆದು ಹೋದ ಮೇಲೂ ಗುಡ್ಡ ಹಾಗೇ ಇರುತ್ತದೆ. ಮರಳಿನ ದಿಬ್ಬ ಹಾಗಲ್ಲ. ಒಂದು ಸಲ ಹತ್ತಿ ಇಳಿದರೆ ಆ ದಿಬ್ಬದ ಫೋಟೋ ಅವತ್ತಿಗೆ ಮುಗೀತು, ಗಾಳಿ ಬಂದು ಹೆಜ್ಜೆ ಅಳಿಸುವ ತನಕ ಕಾಯಬೇಕು, ಚಳಿಗಾಲದಲ್ಲಿ ಆ ಗಾಳಿ ಅಷ್ಟು ಬೇಗ ಬರುವುದೂ ಇಲ್ಲ.

ನಾನು ಗದಗಿನವನು. ಚಳಿಗಾಲ ಬಂತೆಂದರೆ ಜೈಸಲ್ಮೇರ್ ಕಡೆ ಹೋಗಿ, ಖುರಿ ಊರಿನ ಸುತ್ತಮುತ್ತ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ನಡೆಯುವುದು ನನಗೆ ಹಿಡಿದಿರುವ ಹುಚ್ಚು. ಗದಗಿನವರಿಗೆ ಮರಳುಗಾಡು ಏನು ಸಂಬಂಧ ಅಂತ ಗೆಳೆಯರು ಕೇಳುತ್ತಾರೆ. ಸಂಬಂಧ ಇದೆ ಅಂತಲೇ ನನಗೆ ಅನಿಸುವುದು. ನವಲಗುಂದ, ನರಗುಂದ, ರೋಣದ ಎರೆ ಹೊಲಗಳನ್ನು ನೋಡಿದ್ದೀರಲ್ಲ, ಸುಗ್ಗಿ ಮುಗಿದ ಮೇಲೆ ಕಣ್ಣು ಹಾಯಿಸಿದಷ್ಟು ದೂರ ಏನೂ ಇಲ್ಲ, ಒಂದು ಗೆರೆ, ಮೇಲೆ ಆಕಾಶ, ಎಲ್ಲೋ ಒಂದು ಜಾಲಿ ಗಿಡ. ಮಲೆನಾಡಿನ ಗೆಳೆಯರು ಇಂಥ ಕಡೆ ಬಂದರೆ ಕ್ಯಾಮೆರಾ ಹಿಡಿದು ಏನು ತೆಗೆಯಬೇಕು ಅಂತ ಹುಡುಕುತ್ತಾರೆ. ನಮಗೆ ಆ ಚಿಂತೆ ಇಲ್ಲ. ಏನೂ ಇಲ್ಲದ ಜಾಗವನ್ನು ನೋಡುತ್ತಲೇ ಬೆಳೆದವರು ನಾವು. ಆ ಒಂದು ಗೆರೆಯನ್ನು ಫ್ರೇಮಿನಲ್ಲಿ ಎಷ್ಟು ಎತ್ತರಕ್ಕೆ ಇಡಬೇಕು ಅನ್ನುವುದನ್ನು ನಾನು ಕಲಿತದ್ದು ರೋಣದ ರಸ್ತೆಯ ಪಕ್ಕದಲ್ಲೇ.

ಭಾರ ಹೊತ್ತು ನಡೆಯುವ ಅಭ್ಯಾಸಕ್ಕೆ ಕಪ್ಪತಗುಡ್ಡ ಇದೆ. 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು, ಸುಮಾರು 244 ಚದರ ಕಿಲೋಮೀಟರ್. ಹಾಗಾಗಿ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಬೇಕು. ಅಲ್ಲಿನ ಬಿಸಿಲು, ಗಾಳಿ, ನೆರಳಿಲ್ಲದ ಏರು ಎಲ್ಲ ಒಳ್ಳೆಯ ತಯಾರಿ. ಟ್ರೈಪಾಡ್ ಬ್ಯಾಗಿಗೆ ಕಟ್ಟಿಕೊಂಡು ಅಲ್ಲಿ ಬೆಳಗ್ಗೆ ಹತ್ತಿ ಇಳಿದು ಬೆನ್ನು ನೋಯಲಿಲ್ಲ ಅಂದರೆ ಥಾರ್‌ಗೆ ಹೋಗಬಹುದು. ಮರಳಲ್ಲಿ ಏರು ಕಡಿಮೆ, ಆದರೆ ಇಟ್ಟ ಹೆಜ್ಜೆಯಲ್ಲಿ ಅರ್ಧ ಹಿಂದಕ್ಕೇ ಜಾರುತ್ತದೆ.

ಹೋಗುವುದು ಕಷ್ಟ ಏನಿಲ್ಲ. ಬೆಂಗಳೂರು-ಜೋಧಪುರ ಎಕ್ಸ್‌ಪ್ರೆಸ್ ಹುಬ್ಬಳ್ಳಿ ಮೇಲೆಯೇ ಹೋಗುತ್ತದೆ. ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ನಿಮ್ಮ ಬೋಗಿ ಆ ತುದಿಯಲ್ಲಿ ಬಂತು ಅಂದರೆ ಟ್ರೆಕ್ಕಿಂಗ್ ಅಲ್ಲಿಂದಲೇ ಶುರು. ಜೋಧಪುರದಿಂದ ಜೈಸಲ್ಮೇರ್, ಅಲ್ಲಿಂದ ಖುರಿಗೆ ಇನ್ನೂ ಸುಮಾರು 50 ಕಿಲೋಮೀಟರ್. ಎಲ್ಲರೂ ಹೋಗುವುದು ಸಮ್ ಊರಿನ ಹತ್ತಿರದ ದಿಬ್ಬಗಳ ಕಡೆಗೆ. ಅಲ್ಲಿ ಸಂಜೆ ಹೊತ್ತು ಜೀಪು, ಒಂಟೆ, ಡಿಜೆ, ಜನ. ಫೋಟೋಗೆ ಆ ದಿಬ್ಬಗಳಲ್ಲಿ ಹೆಜ್ಜೆ ಬೀಳದ ಜಾಗ ಸಿಗುವುದು ಕಷ್ಟ. ಖುರಿಯಲ್ಲೂ ಜನ ಇದ್ದಾರೆ, ಆದರೆ ಊರು ಬಿಟ್ಟು ಒಂದೆರಡು ತಾಸು ನಡೆದರೆ ಯಾರೂ ಇರುವುದಿಲ್ಲ.

ಒಬ್ಬನೇ ಹೋಗಬೇಡಿ. ನಾನು ಯಾವಾಗಲೂ ಊರಿನ ಒಂಟೆಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತೇನೆ. ನೀರು, ಹಾಸಿಗೆ ಒಂಟೆ ಮೇಲೆ, ಕ್ಯಾಮೆರಾ ನನ್ನ ಮೇಲೆ. ನಡೆಯುವಾಗ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಲೆಕ್ಕ ಹಾಕಿ, ಚಳಿಗಾಲ ಅಂತ ಕಡಿಮೆ ಮಾಡಬೇಡಿ. ಊಟಕ್ಕೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಂಡು ಹೋಗುತ್ತೇನೆ. ಕೆಡುವುದಿಲ್ಲ, ಬೇಯಿಸುವ ರಗಳೆ ಇಲ್ಲ. ಮುಖ್ಯವಾಗಿ ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ ಒಲೆ ಮುಂದೆ ಕೂರಬೇಕಾಗಿಲ್ಲ. ಒಂಟೆಯವರಿಗೂ ಚಟ್ನಿ ಪುಡಿ ಬಲು ಇಷ್ಟ, ಜಾಸ್ತಿಯೇ ತಗೊಂಡು ಹೋಗಿ.

ಈಗ ಕಾಲಿನ ವಿಷಯಕ್ಕೆ ಬರೋಣ. ದಿಬ್ಬಕ್ಕೆ ಎರಡು ಮಗ್ಗುಲು. ಗಾಳಿ ಬರುವ ಕಡೆ ಇಳಿಜಾರು ನಿಧಾನ, ಮರಳು ಗಟ್ಟಿ, ಅಲೆ ಅಲೆ ಗೆರೆಗಳು ಇರುತ್ತವೆ. ಇನ್ನೊಂದು ಕಡೆ ಕಡಿದು, ಸುಮಾರು 32ರಿಂದ 34 ಡಿಗ್ರಿ. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲುವುದಿಲ್ಲ, ಜಾರಿಬಿಡುತ್ತದೆ. ಥಾರ್‌ನಲ್ಲಿ ಮರಳು ಸಾಗಿಸುವ ದೊಡ್ಡ ಗಾಳಿ ಬೇಸಿಗೆಯಿಂದ ಮಳೆಗಾಲದವರೆಗೆ ನೈಋತ್ಯದಿಂದ ಬೀಸುತ್ತದೆ. ಹಾಗಾಗಿ ಜಾರು ಮಗ್ಗುಲು ಹೆಚ್ಚಾಗಿ ಈಶಾನ್ಯಕ್ಕೆ ಮುಖ ಮಾಡಿರುತ್ತದೆ. ಇದನ್ನು ಸೂರ್ಯನ ಜೊತೆ ಸೇರಿಸಿ ನೋಡಿ. ಡಿಸೆಂಬರ್-ಜನವರಿಯಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ಸಾಕಷ್ಟು ನೈಋತ್ಯಕ್ಕೆ ಸರಿದು. ಅಂದರೆ ಸಂಜೆ ಗಾಳಿ ಮಗ್ಗುಲೆಲ್ಲ ಬೆಳಕು, ಜಾರು ಮಗ್ಗುಲೆಲ್ಲ ಪೂರ್ತಿ ನೆರಳು, ನಡುವೆ ದಿಬ್ಬದ ನೆತ್ತಿ ಕುಡುಗೋಲಿನ ಅಂಚಿನ ಹಾಗೆ ಹರಿತವಾಗಿ ಬಾಗಿಕೊಂಡು ಹೋಗಿರುತ್ತದೆ. ನನಗೆ ಬೇಕಾದದ್ದು ಆ ಅಂಚು. ಬೆಳಗ್ಗೆ ಕತೆ ಬೇರೆ. ಸೂರ್ಯ ಆಗ್ನೇಯದ ಕಡೆಯಿಂದ ಏಳುವುದರಿಂದ ಬೆಳಕು ಜಾರು ಮಗ್ಗುಲನ್ನು ಅಡ್ಡಡ್ಡ ಸವರಿಕೊಂಡು ಹೋಗುತ್ತದೆ. ಸಣ್ಣ ಸಣ್ಣ ಕುಸಿತದ ಗುರುತುಗಳೆಲ್ಲ ಎದ್ದು ಕಾಣುತ್ತವೆ.

ಹಾಗಾಗಿ ನಾನು ಮಧ್ಯಾಹ್ನ ಮೂರರ ಸುಮಾರಿಗೆ ಕ್ಯಾಮೆರಾ ಹೊರಗೆ ತೆಗೆಯದೆ ಸುಮ್ನೆ ಒಂದು ಸುತ್ತು ಹಾಕುತ್ತೇನೆ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಮಾತ್ರ ನಡೆಯುತ್ತೇನೆ, ಮೇಲೆ ಹತ್ತುವುದಿಲ್ಲ. ಯಾವ ನೆತ್ತಿ ಎಲ್ಲಿಂದ ಚಂದ ಅಂತ ನೋಡಿಕೊಂಡು, ಅಲ್ಲಿಗೆ ಹಿಂಬದಿಯಿಂದ ಹೋಗುವ ದಾರಿ ಹುಡುಕುತ್ತೇನೆ. ದೂರ ಆದರೂ ಪರವಾಗಿಲ್ಲ, ಬಳಸಿಕೊಂಡೇ ಹೋಗುತ್ತೇನೆ. ಜೊತೆಯವರಿಗೂ ಮೊದಲೇ ಹೇಳಿರುತ್ತೇನೆ, ಒಂಟೆಯನ್ನು ನನ್ನ ಹಿಂದೆಯೇ ಇಟ್ಟುಕೊಳ್ಳಿ, ಎದುರಿಗೆ ತರಬೇಡಿ ಅಂತ. ಅವರಿಗೆ ಇದು ವಿಚಿತ್ರ, ಯಾಕೆಂದರೆ ಬಂದವರೆಲ್ಲ ಒಂಟೆ ಎದುರಿಗೇ ಬರಲಿ ಅನ್ನುವವರು. ಶೂ ಇರಲಿ, ಚಪ್ಪಲಿ ಬೇಡ. ಭುರಟ್ ಅಂತ ಒಂದು ಹುಲ್ಲಿದೆ, ಅದರ ಮುಳ್ಳುಬೀಜ ಸಾಕ್ಸಿಗೆ, ಪ್ಯಾಂಟಿಗೆ, ಮೊಣಕಾಲಿಗೆ ಅಂಟಿಕೊಂಡರೆ ಬೆರಳಲ್ಲಿ ಕೀಳಲು ಹೋಗಿ ಬೆರಳಿಗೂ ಚುಚ್ಚುತ್ತದೆ. ಕೆಳಮಟ್ಟದಿಂದ ಫೋಟೋ ತೆಗೆಯಲು ಮಂಡಿಯೂರುವ ಮುಂಚೆ ನೆಲ ನೋಡಿಕೊಳ್ಳಿ. ಊರವರು ಒಂದು ಸಣ್ಣ ಚಿಮಟ ಇಟ್ಟುಕೊಂಡಿರುತ್ತಾರೆ, ಈಗ ನನ್ನ ಬ್ಯಾಗಿನಲ್ಲೂ ಒಂದು ಇದೆ.

ಲೆನ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಉಲ್ಟಾ. ವಿಶಾಲವಾದ ಜಾಗ, ಹಾಗಾಗಿ ವೈಡ್ ಲೆನ್ಸ್ ಬೇಕು ಅಂತಾರೆ. ವೈಡ್‌ನಲ್ಲಿ ದಿಬ್ಬಗಳು ಚಿಕ್ಕದಾಗಿ ದೂರ ಹೋಗಿಬಿಡುತ್ತವೆ, ಮುಕ್ಕಾಲು ಫ್ರೇಮ್ ಬರೀ ಆಕಾಶ. ನಾನು ಜಾಸ್ತಿ ಬಳಸುವುದು 70-200 ಎಂಎಂ ಟೆಲಿ ಲೆನ್ಸ್. ಒಂದರ ಹಿಂದೆ ಒಂದು ದಿಬ್ಬವನ್ನು ಹತ್ತಿರ ತಂದು ಒತ್ತಿ ಕೂರಿಸುತ್ತದೆ. ಬೆಳಕು, ನೆರಳು, ಬೆಳಕು, ನೆರಳು ಅಂತ ಪದರ ಪದರ ಸಿಗುತ್ತದೆ. ವೈಡ್ ಲೆನ್ಸ್ ಕಾಲ ಬುಡದ ಅಲೆಗೆರೆಗಳಿಗೆ, ರಾತ್ರಿ ನಕ್ಷತ್ರಕ್ಕೆ. ಆಕಾಶದ ನೀಲಿ ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಇದ್ದರೆ ವೈಡ್ ಲೆನ್ಸಿಗೆ ಹಾಕಬೇಡಿ. ಆಕಾಶದ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿನೀಲಿ ಆಗಿ ಪಟ್ಟೆ ಬೀಳುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡುವುದು ತಲೆನೋವು.

ಮರಳು ತಿಳಿ ಬಣ್ಣದ್ದು. ಕ್ಯಾಮೆರಾ ಮೀಟರಿಗೆ ಎಲ್ಲವನ್ನೂ ನಡುಮಟ್ಟದ ಬೂದು ಮಾಡುವ ಚಾಳಿ. ಹಾಗೇ ಬಿಟ್ಟರೆ ಥಾರ್ ಮರಳು ನಮ್ಮ ಎರೆ ಮಣ್ಣಿನ ಕಡೆಗೇ ಹೋಗಿಬಿಡುತ್ತದೆ! ಆದ್ದರಿಂದ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +0.7 ಅಥವಾ +1 ಇಟ್ಟು, ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ನೋಡಿ, ಬಲತುದಿಗೆ ತಾಗದಂತೆ ನೋಡಿಕೊಳ್ಳುತ್ತೇನೆ. ಸೂರ್ಯ ಕೆಳಗಿಳಿದಂತೆ ಬೆಳಕು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ, ಮತ್ತೆ ಮತ್ತೆ ನೋಡುತ್ತಿರಬೇಕು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 8 ಅಥವಾ 11. ಕಿಂಡಿ ಇನ್ನೂ ಚಿಕ್ಕದು ಮಾಡಿ ಎಫ್ 22ಕ್ಕೆ ಹೋದರೆ ಎಲ್ಲ ಚೂಪಾಗುತ್ತದೆ ಅಂತ ಅಂದುಕೊಳ್ಳಬೇಡಿ, ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಮರಳಿನ ಕಾಳು ಮಸುಕಾಗುತ್ತದೆ. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋ ಬೇಡ, ಡೇಲೈಟ್ ಇಡಿ. ಆಟೋ ಇಟ್ಟರೆ ಸಂಜೆಯ ಹೊಂಬಣ್ಣವನ್ನು ಅದೇ ಸರಿ ಮಾಡಿ ತೊಳೆದುಬಿಡುತ್ತದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯುವವರಿಗೆ ಇದು ಆಮೇಲೂ ಬದಲಾಯಿಸಬಹುದಾದದ್ದೇ, ಆದರೆ ಸ್ಥಳದಲ್ಲೇ ಸ್ಕ್ರೀನಿನಲ್ಲಿ ನಿಜವಾದ ಬಣ್ಣ ಕಂಡರೆ ಕೆಲಸ ಮಾಡುವ ಹುರುಪೇ ಬೇರೆ ಅಲ್ವಾ.

ಬೆಳಗಿನ ಜಾವದ ಒಂದು ಸಂಗತಿ ಹೇಳಲೇಬೇಕು. ಜೈಸಲ್ಮೇರ್‌ನಲ್ಲಿ ಜನವರಿಯಲ್ಲಿ ಸೂರ್ಯ ಏಳುವುದು ಏಳೂವರೆ ಹತ್ತಿರ, ನಮ್ಮಲ್ಲಿಗಿಂತ ಸುಮಾರು ಅರ್ಧ ತಾಸು ತಡ. ಎಲ್ಲರೂ ಆಕಾಶ ನೋಡುತ್ತಿರುವಾಗ ನಾನು ನೆಲ ನೋಡುತ್ತೇನೆ. ರಾತ್ರಿಯೆಲ್ಲ ಕಪ್ಪು ಜೀರುಂಡೆಗಳು ಓಡಾಡಿದ ಗುರುತು ಮರಳ ಮೇಲೆ ಇರುತ್ತದೆ. ಎರಡು ಸಾಲು ಚುಕ್ಕಿ, ಪಕ್ಕ ಪಕ್ಕ, ಹೊಲಿಗೆ ಮಷೀನಿನಿಂದ ಬಿದ್ದ ಹಾಗಲ್ಲ, ಎಲ್ಲೋ ನಿಂತು, ತಿರುಗಿ, ಒಂದು ಎಕ್ಕೆ ಗಿಡದ ಬುಡಕ್ಕೆ ಹೋಗಿ ಮಾಯ. ಸೂರ್ಯ ಎದ್ದ ಮೊದಲ ಕೆಲವು ನಿಮಿಷ ಪ್ರತಿ ಚುಕ್ಕಿಗೂ ಒಂದೊಂದು ನೆರಳು ಬೀಳುತ್ತದೆ. ಆ ನೆರಳು ತಿಳಿನೀಲಿ, ಯಾಕೆಂದರೆ ನೆರಳಿಗೆ ಬೀಳುವುದು ಬರೀ ಆಕಾಶದ ಬೆಳಕು. ಸೂರ್ಯ ಸ್ವಲ್ಪ ಮೇಲೆ ಬಂದರೆ ಚುಕ್ಕಿಗಳು ಕಾಣುವುದೇ ಇಲ್ಲ. ನನ್ನ ಹತ್ತಿರ ಇರುವ ಥಾರ್ ಫೋಟೋಗಳಲ್ಲಿ ಗೋಡೆಗೆ ಹಾಕಿದ್ದು ಇದೇ, ದಿಬ್ಬದ ಫೋಟೋ ಅಲ್ಲ.

ಗಾಳಿ ಎದ್ದಾಗ ಮರಳು ಹಾರುವುದು ಹೆಚ್ಚಾಗಿ ಮೊಣಕಾಲಿನ ಕೆಳಗೆ. ಕಾಳುಗಳು ಕುಪ್ಪಳಿಸುತ್ತಾ ಹೋಗುತ್ತವೆ. ಆ ಹರಿವನ್ನು ಸೂರ್ಯನಿಗೆ ಎದುರಾಗಿ ಹಿಡಿದರೆ ಅದ್ಭುತ ಚಿತ್ರ, ಆದರೆ ಬ್ಯಾಗನ್ನು ನೆಲದ ಮೇಲೆ ತೆರೆದಿಟ್ಟರೆ ಕೆಟ್ಟಿತು. ಲೆನ್ಸ್ ಬದಲಾಯಿಸುವ ಕೆಲಸ ಗಾಳಿಯಲ್ಲಿ ಬೇಡವೇ ಬೇಡ. ನಾನು ಎರಡು ಹಳೆಯ ಕ್ಯಾಮೆರಾ ಬಾಡಿ ಒಯ್ಯುತ್ತೇನೆ, ಒಂದೊಂದಕ್ಕೆ ಒಂದೊಂದು ಲೆನ್ಸ್, ಬೆಳಗ್ಗೆ ಹಾಕಿದ್ದು ರಾತ್ರಿವರೆಗೆ ಹಾಗೇ. ಗಾಜಿನ ಮೇಲೆ ಮರಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಬ್ಲೋಯರ್‌ನಿಂದ ಊದಿ. ಮರಳಿನಲ್ಲಿರುವುದು ಹೆಚ್ಚಾಗಿ ಸ್ಫಟಿಕ ಶಿಲೆ, ಒರೆಸಿದರೆ ಕೋಟಿಂಗ್ ಗೀರುತ್ತದೆ. ಟ್ರೈಪಾಡ್ ಕಾಲುಗಳಲ್ಲಿ ಕೊನೆಯ ತೆಳು ಭಾಗವನ್ನು ಮೊದಲು ಪೂರ್ತಿ ಎಳೆಯಿರಿ, ಆಗ ಲಾಕ್‌ಗಳು ಮರಳಿನಿಂದ ಮೇಲೆ ಉಳಿಯುತ್ತವೆ. ತುದಿಗೆ ಟೆನಿಸ್ ಚೆಂಡು ಸೀಳಿ ಸಿಕ್ಕಿಸಿದರೆ ಹೂತುಹೋಗುವುದು ಕಡಿಮೆ. ಓಣಿ ಹುಡುಗರು ಕ್ರಿಕೆಟ್ ಆಡಿ ಬಿಟ್ಟ ಹಳೆಯ ಚೆಂಡು ಸಾಕು.

ರಾತ್ರಿ ಚಳಿ ಜೋರು, 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಬ್ಯಾಟರಿ ಬೇಗ ಇಳಿಯುತ್ತದೆ, ಅದಕ್ಕೆ ಒಳ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳುತ್ತೇನೆ. ಧ್ರುವ ನಕ್ಷತ್ರ ಹುಡುಕುವಾಗ ಒಂದು ಮಜಾ ಇದೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಗದಗಿನಲ್ಲಿ ಅದು ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರ, ಖುರಿಯಲ್ಲಿ ಎರಡೂವರೆಗೂ ಮೇಲೆ. ಅಲ್ಲಿನ ಅಕ್ಷಾಂಶ ಸುಮಾರು 27 ಅಲ್ವಾ. ನಕ್ಷತ್ರಗಳ ಸುತ್ತುಗೆರೆ ತೆಗೆಯುವವರಿಗೆ ಇದು ಅನುಕೂಲ, ದಿಬ್ಬದ ನೆತ್ತಿಯ ಮೇಲೆ ವೃತ್ತ ಪೂರ್ತಿ ಕೂರುತ್ತದೆ. ಗೆರೆ ಬೇಡ, ಚುಕ್ಕಿಯಾಗಿಯೇ ಬೇಕು ಅಂದರೆ 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಶಟರ್ ಎಷ್ಟು ಸೆಕೆಂಡ್ ತೆರೆದಿಡಬಹುದು ಅಂತ ಸಿಗುತ್ತದೆ. 20 ಎಂಎಂಗೆ 25 ಸೆಕೆಂಡ್, ಫುಲ್ ಫ್ರೇಮ್ ಕ್ಯಾಮೆರಾ ಆದರೆ. ಗಾಳಿಯಂತ್ರಗಳ ಕೆಂಪು ದೀಪ ಮಾತ್ರ ತೊಂದರೆ. ಜೈಸಲ್ಮೇರ್ ಸುತ್ತ ನಮ್ಮ ಗದಗಿನ ಹಾಗೇ ಫ್ಯಾನುಗಳ ಸಾಲು, ಎಲ್ಲ ಒಟ್ಟಿಗೆ ಮಿಣುಕುತ್ತವೆ. ಅವುಗಳಿಗೆ ಬೆನ್ನು ಹಾಕಿ ಮಲಗುವ ಜಾಗ ಹುಡುಕಬೇಕು. ಡ್ರೋನ್ ಒಯ್ಯುವುದು ಬೇಡ, ಗಡಿ ಹತ್ತಿರದ ಜಾಗ, ಸುಮ್ನೆ ತೊಂದರೆ ಯಾಕೆ.

ದಿಬ್ಬ ಅಂದರೆ ಇಡೀ ಥಾರ್ ಅಲ್ಲ. ಹೆಚ್ಚು ನಡೆಯುವುದು ಕಲ್ಲು ಹರಡಿದ ಬಯಲಿನಲ್ಲಿ, ಹುಲ್ಲಿನಲ್ಲಿ. ಅಲ್ಲಿ ಅಲ್ಲೊಂದು ಇಲ್ಲೊಂದು ಖೇಜ್ಡಿ ಮರ. ಹತ್ತಿರ ಹೋಗಿ ಎಲೆ ನೋಡಿದರೆ ಗೊತ್ತಾಗುತ್ತದೆ, ನಮ್ಮ ಬನ್ನಿ ಮರವೇ! ದಸರೆಗೆ ಎಲೆ ಕೊಟ್ಟು ಬಂಗಾರದಂಗ ಇರೋಣು ಅಂತೀವಲ್ಲ, ಅದೇ ಮರ ಅಲ್ಲಿ ರಾಜ್ಯದ ಮರ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಈ ಮರ ಕಡಿಯಬೇಡಿ ಅಂತ ತಬ್ಬಿ ನಿಂತು 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು. ಅಂಥ ಮರವನ್ನು ಒಂಟಿಯಾಗಿ, ಫ್ರೇಮಿನ ಅಂಚಿಗೆ ಇಟ್ಟು ತೆಗೆಯುವುದು ನನಗಿಷ್ಟ. ಪಕ್ಕದಲ್ಲೇ ಮರುಭೂಮಿ ರಾಷ್ಟ್ರೀಯ ಉದ್ಯಾನ ಇದೆ, 3,162 ಚದರ ಕಿಲೋಮೀಟರ್. ಹಿಂದೆ ನಮ್ಮ ರಾಣೆಬೆನ್ನೂರಿನಲ್ಲೂ ಕಾಣುತ್ತಿದ್ದ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ಹೆಚ್ಚಾಗಿ ಉಳಿದಿರುವುದು ಅಲ್ಲೇ. ಅದರ ಒಳಗೆ ಪರವಾನಗಿ ಇಲ್ಲದೆ ಕಾಲಿಡಬೇಡಿ, ಹಕ್ಕಿ ಕಂಡರೂ ಫೋಟೋಗಾಗಿ ಬೆನ್ನಟ್ಟಬೇಡಿ.

ಮನೆಗೆ ಬಂದ ಮೇಲೆ ಎಡಿಟಿಂಗ್‌ನಲ್ಲಿ ಕೈ ಬಿಗಿ ಇರಲಿ. ಥಾರ್ ಮರಳು ಕೇಸರಿ ಬಣ್ಣದ್ದಲ್ಲ, ಗೋಧಿ ಹಿಟ್ಟಿಗೆ ಸ್ವಲ್ಪ ಹಳದಿ ಸೇರಿದ ಬಣ್ಣ. ಸ್ಯಾಚುರೇಶನ್ ಎಳೆದು ಕೆಂಪು ಮಾಡಿದ ಫೋಟೋಗಳನ್ನು ನೋಡಿದರೆ ಅದು ಯಾವ ದೇಶವೋ ಅನಿಸುತ್ತದೆ. ನಾನು ನೆರಳಿನ ನೀಲಿಯನ್ನು ಹಾಗೇ ಬಿಟ್ಟು, ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ದೂರದಲ್ಲಿ ಯಾರದೋ ಹೆಜ್ಜೆ ಸಾಲು ಇದ್ದರೆ ಅಳಿಸುವ ಬದಲು ಆ ಫೋಟೋವನ್ನೇ ಬಿಡುತ್ತೇನೆ. ಹೆಜ್ಜೆ ಅಳಿಸಿದ ಮರಳು ಗೊತ್ತಾಗಿಯೇ ಗೊತ್ತಾಗುತ್ತದೆ, ಅಲೆಗೆರೆ ಅಲ್ಲಿ ತಪ್ಪಿರುತ್ತದೆ. ಆಮೇಲೆ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಬಿಚ್ಚಿ, ಲಾಕಿನ ತಿರುಪಿನ ಗೆರೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ್ದಾಗಲೇ ಉಜ್ಜಿ, ಆಮೇಲೆ ನೀರಲ್ಲಿ ತೊಳೆದು ಒಣಗಿಸಿ. ಇದನ್ನು ಮುಂದೂಡಬೇಡಿ. ಜೂನ್‌ನಲ್ಲಿ ಕಪ್ಪತಗುಡ್ಡ ಹಸಿರಾಗುವ ಹೊತ್ತಿಗೆ ಅದೇ ಟ್ರೈಪಾಡ್ ಮತ್ತೆ ಬೇಕಾಗುತ್ತದೆ.