ವಿಜಯಪುರದ ಬಿಸಿಲಿಗೆ ನಿಂತ ಬೆಚ್ಚನೆಯ ಅತ್ತರು

ಚಂದನ, ಸಿಹಿ ರಾಳದ ಪರಿಮಳದ ಅಂಬರ್, ಲೋಬಾನ ಕೂಡಿದ ಅತ್ತರು ನಮ್ಮೂರಿನಲ್ಲಿ ಚಳಿಗಾಲಕ್ಕೆ ಮಾತ್ರ ಎಂದು ಅಂಗಡಿ ಸಾಲಿನವರೆಲ್ಲ ಹೇಳುತ್ತಿದ್ದರು. "ಮೇ ತಿಂಗಳಿನಲ್ಲಿ ಇದನ್ನು ಯಾರು ಹಚ್ಚಿಕೊಳ್ಳುತ್ತಾರೆ ತಮ್ಮಾ? ಖಸ್ ಇಡು, ಗುಲಾಬ್ ಇಡು, ಸಾಕು" ಎಂದಿದ್ದರು ಪಕ್ಕದ ಅಂಗಡಿಯ ಕಾಕಾ. ಖಸ್ ಎಂದರೆ ಲಾವಂಚದ ತಂಪು ಅತ್ತರು. ಕಳೆದ ಬೇಸಿಗೆಯಲ್ಲಿ ನನ್ನ ವ್ಯಾಪಾರದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಈ ಅತ್ತರಿನದೇ. ಈಗ ಕಾಕಾ ಸಗಟು ದರ ಕೇಳುತ್ತಿದ್ದಾರೆ.

ಅವರ ಅನುಮಾನಕ್ಕೆ ಕಾರಣವಿತ್ತು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಸಿಹಿ ವಾಸನೆ ಮೂಗಿಗೆ ರಾಚುತ್ತದೆ. ಪೇಟೆಯಲ್ಲಿ ಸಿಗುವ ಅಂಬರಿನಂತೆಯೇ, ವೆನಿಲ್ಲಾದ ಸಿಹಿ ವಾಸನೆ ಕೊಡುವ ವೆನಿಲಿನ್ ಧಾರಾಳವಾಗಿ ಹಾಕಿದ ಮೊದಲ ಮಿಶ್ರಣಗಳನ್ನು ಹಚ್ಚಿಕೊಂಡು ಗೋಳಗುಮ್ಮಟದವರೆಗೆ ನಡೆದರೆ ತಲೆ ಹಿಡಿಯುತ್ತಿತ್ತು. ಬಣ್ಣದ ಕಾಟ ಬೇರೆ. ವೆನಿಲಿನ್ ದಿನ ಕಳೆದಂತೆ ಕಂದಾಗುತ್ತದೆ. ಮಲ್ಲಿಗೆಯ ಅಬ್ಸಲ್ಯೂಟ್, ಅಂದರೆ ಹೂವಿನ ಗಾಢ ಸಾರ, ಸೇರಿಸಿದ ಶೀಶಿ ಅದರೊಳಗಿನ ಇಂಡೋಲ್ ಎಂಬ ಅಂಶದಿಂದಾಗಿ ಇನ್ನೂ ಬೇಗ ಕಪ್ಪಿಟ್ಟಿತು. ನನ್ನ ಗಿರಾಕಿಗಳಲ್ಲಿ ಬಿಳಿ ಜುಬ್ಬಾದವರೇ ಹೆಚ್ಚು. ಕಾಲರಿನ ಮೇಲೆ ಚಹಾ ಚೆಲ್ಲಿದಂಥ ಕಲೆ ಕುಳಿತರೆ ಯಾರು ಮತ್ತೆ ಬರುತ್ತಾರೆ? ಆ ಮಾಲನ್ನು ಪೂರ್ತಿ ಬದಿಗಿಟ್ಟೆ. ಏಳೆಂಟು ಸಾವಿರ ರೂಪಾಯಿ ಅದರಲ್ಲೇ ಹೋಯಿತು.

ದಾರಿ ಸಿಕ್ಕಿದ್ದು ಮರದ ಕಡೆಯಿಂದ. ಬೆಚ್ಚಗಿನ ಗುಣ ಸಿಹಿಯಿಂದಲೇ ಬರಬೇಕೆಂದಿಲ್ಲ. ಒಣಗಿದ ಮರವೂ ಬೆಚ್ಚಗೇ ಇರುತ್ತದೆ. ವೆನಿಲಿನ್ ಅನ್ನು ಕಾಲು ಭಾಗಕ್ಕಿಳಿಸಿ, ಉಳಿದ ಸಿಹಿಯನ್ನು ಒಣಹುಲ್ಲಿನಂಥ ವಾಸನೆಯ ಕೂಮರಿನ್‌ಗೆ ವಹಿಸಿದೆ. ದೇವದಾರು, ತುಂಗೆ ಹುಲ್ಲಿನ ಗೆಡ್ಡೆಯಿಂದ ಬರುವ ನಾಗರಮೋಥ, ಖಸ್ ಮೂರನ್ನೂ ಏರಿಸಿದೆ. ನಾಗರಮೋಥದ ಹೊಗೆಯಂಥ ಒಣ ವಾಸನೆ ಲೋಬಾನದ ಅಂಟುತನವನ್ನು ಕತ್ತರಿಸಿಬಿಡುತ್ತದೆ. ಖಸ್ ಎಷ್ಟು, ಯಾವ ಘಟ್ಟದಲ್ಲಿ ಎಂಬುದನ್ನು ಮಾತ್ರ ಬರೆಯಲಾರೆ, ನನ್ನ ಅನ್ನ ಇರುವುದು ಅಲ್ಲಿಯೇ.

ಚಂದನದ ಎಣ್ಣೆ ಹತ್ತು ಗ್ರಾಮಿಗೆ ಎರಡು ಸಾವಿರ ದಾಟುತ್ತದೆ. ಅದೊಂದನ್ನೇ ನಂಬಿದರೆ ಶೀಶಿಯ ಬೆಲೆ ಕೇಳಿಯೇ ಗಿರಾಕಿ ಎದ್ದುಹೋಗುತ್ತಾನೆ. ಸ್ಯಾಂಡಲೋರ್‌ನಂಥ ಕೃತಕ ಚಂದನವನ್ನು ಮುಂದಿಟ್ಟು, ಅಸಲಿ ಎಣ್ಣೆಯನ್ನು ಅದರ ಹಿಂದೆ ಸ್ವಲ್ಪವೇ ಬಳಸುತ್ತೇನೆ. ಕೃತಕದ್ದಕ್ಕೆ ಹರಡುವ ಶಕ್ತಿಯಿದೆ. ಅಸಲಿಯ ಹಾಲಿನಂಥ ನುಣುಪು ಬರುವುದು ಮೂರನೇ ಗಂಟೆಯ ನಂತರ, ಮಣಿಕಟ್ಟಿನ ಮೇಲೆ ಬೇರೆಲ್ಲ ಆರಿಹೋದಾಗ. ಆ ನುಣುಪಿಗಾಗಿ ಎಷ್ಟು ದುಡ್ಡು ಕೊಟ್ಟರೂ ಕಡಿಮೆಯೇ.

ನಡುವೆ ಇಂಡಿ ನಿಂಬೆಯ ಹುಚ್ಚು ಹತ್ತಿತು. ಫ್ರಾನ್ಸಿನ ಗೆರ್ಲೇನ್ ಕಂಪನಿಯ ಶಾಲಿಮಾರ್ ಸೆಂಟು 1925ರಿಂದಲೂ ವೆನಿಲ್ಲಾದ ಮೇಲೆ ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ವಾಸನೆ ಕೂರಿಸಿಕೊಂಡು ನಡೆದಿದೆ. ನಮ್ಮ ಜಿಲ್ಲೆಯ ನಿಂಬೆ ಆ ಜಾಗಕ್ಕೆ ಏಕೆ ಆಗಬಾರದು? ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆಯನ್ನು ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ, ಹಾಗಾಗಿ ಆವಿಯಲ್ಲಿ ಬಟ್ಟಿ ಇಳಿಸಿಯೇ ಬಳಸಬೇಕು. ಸುಮಾರು ಹತ್ತು ಕಿಲೋ ಸಿಪ್ಪೆಗೆ ಸಿಕ್ಕಿದ್ದು ಒಂದು ಸಣ್ಣ ಶೀಶಿಯಷ್ಟು. ಲೆಕ್ಕಕ್ಕೆ ಹೊಂದಲಿಲ್ಲ. ಆದರೆ ಆ ಮಿಶ್ರಣದ ಮೊದಲ ಐದು ನಿಮಿಷದ ಚುರುಕನ್ನು ಇಂದಿಗೂ ಮರೆತಿಲ್ಲ. ಈಗ ಎಣ್ಣೆಯನ್ನು ಕೊಂಡು ತರುತ್ತೇನೆ.

ಬೆರೆಸಿದ ಮೇಲೆ ಕತ್ತಲೆಯ ಕೋಣೆಯಲ್ಲಿ ಎರಡು ತಿಂಗಳಾದರೂ ಇಡಿ. ಅವಸರ ಮಾಡಿದರೆ ಇದರಲ್ಲಿ ಸೇರಿಸುವ ಪಚೋಲಿ ಎಲೆಯ ಎಣ್ಣೆ ಮಣ್ಣು ಮಣ್ಣಾಗಿ ಎದ್ದು ಕಾಣುತ್ತದೆ. ಆರು ಮಿಲಿ ಶೀಶಿಯ ಖರ್ಚು ನೂರೈವತ್ತರ ಆಸುಪಾಸು, ಮಾರುವುದು ನಾಲ್ಕು ನೂರಕ್ಕೆ. ಈ ಮಳೆಗಾಲದಲ್ಲಿ ಬೆಳಗಾವಿಯ ಅಂಗಡಿಯೊಂದಕ್ಕೆ ಅದೇ ಮಾಲು ಕಳಿಸಿದ್ದೆ. ಅಲ್ಲಿಯ ತೇವದ ಗಾಳಿಗೆ ನಾಗರಮೋಥ ಹೊಗೆ ಹೊಗೆಯಾಗಿ ಮುಂದೆ ಬಂತು, ಲೋಬಾನ ಹಿಂದೆ ಸರಿಯಿತು. ಬೆಳಗಾವಿಗೆಂದೇ ನಾಗರಮೋಥ ಅರ್ಧ ಮಾಡಿ, ಲೋಬಾನ ಏರಿಸಿದ ಬೇರೆ ಮಿಶ್ರಣವನ್ನು ಹೋದ ವಾರ ಕೋಣೆಗೆ ಸೇರಿಸಿದ್ದೇನೆ.