ಸ್ಟುಟ್‌ಗಾರ್ಟಿನ ನಾಲ್ಕು ವಾರ, 49 ಯೂರೋ ಟಿಕೆಟ್ಟು

2023ರ ಜೂನ್‌ನಲ್ಲಿ ಆಫೀಸಿನವರು ನನ್ನನ್ನು ನಾಲ್ಕು ವಾರಕ್ಕೆ ಜರ್ಮನಿಯ ಸ್ಟುಟ್‌ಗಾರ್ಟಿಗೆ ಕಳಿಸಿದರು. ಹೋಗಿದ್ದು ಬ್ರೇಕ್ ಸಾಫ್ಟ್‌ವೇರಿನ ಟೆಸ್ಟಿಂಗಿಗೆ. ಮನೆಯವರ ಲೆಕ್ಕದಲ್ಲಿ ಮಾತ್ರ ಅದು ಯೂರೋಪ್ ಟೂರು. "ಸ್ವಿಟ್ಜರ್ಲೆಂಡ್ ಪಕ್ಕದಲ್ಲೇ ಅಲ್ವೇನೋ, ಹಾಗೇ ನೋಡ್ಕೊಂಡು ಬಾ" ಅಂತ ಅಮ್ಮ ಸೂಟ್‌ಕೇಸಿಗೆ ಚಟ್ನಿಪುಡಿ ಡಬ್ಬಿ ತುರುಕಿದರು.

ನಾನೂ ಅದೇ ಗುಂಗಿನಲ್ಲಿದ್ದೆ. ಮೊದಲ ಶನಿವಾರವೇ ಪ್ಯಾರಿಸ್. ಟಿಜಿವಿ ಎಂಬ ವೇಗದ ರೈಲಿನಲ್ಲಿ ಹೋಗಲು ಮೂರು ಗಂಟೆಯ ಮೇಲೆ, ಬರಲು ಅಷ್ಟೇ. ಐಫೆಲ್ ಗೋಪುರಕ್ಕೆ ಮುಂಗಡ ಟಿಕೆಟ್ ಮಾಡಿಸಿರಲಿಲ್ಲ. ಎರಡು ಗಂಟೆ ಕ್ಯೂನಲ್ಲೇ ಕರಗಿತು. ಲೂವ್ರ್ ಮ್ಯೂಸಿಯಮ್ಮಿನ ಮೊನಾಲಿಸಾ ಚಿತ್ರದ ಎತ್ತರ 77 ಸೆಂಟಿಮೀಟರ್. ಅದನ್ನು ನಾನು ನೋಡಿದ್ದು ಮುಂದಿದ್ದವರು ಎತ್ತಿ ಹಿಡಿದ ಮೊಬೈಲುಗಳಲ್ಲಿ. ನಡುರಾತ್ರಿ ಹೋಟೆಲಿಗೆ ಬಂದು ಬಿದ್ದವನು ಭಾನುವಾರ ಎದ್ದದ್ದು ಮಧ್ಯಾಹ್ನ. ತಿನ್ನಲು ಏನಾದರೂ ತರೋಣ ಅಂದರೆ ಅಂಗಡಿಗಳೆಲ್ಲ ಬಂದ್. ಟೀಮಿನಲ್ಲಿದ್ದ ಹಾಸನದವರು ಸೋಮವಾರ ಕೇಳಿ ನಕ್ಕರು: "ಭಾನುವಾರ ಇಲ್ಲಿ ಸ್ಟೇಷನ್ ಬಿಟ್ರೆ ಎಲ್ಲೂ ಹಾಲೂ ಸಿಗಲ್ಲ ಸಾರ್, ಶನಿವಾರವೇ ತಂದಿಟ್ಕೋಬೇಕು."

ಅವರೇ ಆಗಿನ 49 ಯೂರೋ ಟಿಕೆಟ್ಟಿನ ವಿಷಯ ಹೇಳಿದ್ದು. ಆಗಷ್ಟೇ, ಮೇ ತಿಂಗಳಲ್ಲಿ, ಶುರುವಾಗಿತ್ತು. ತಿಂಗಳಿಡೀ ದೇಶದ ಯಾವ ಊರಿನಲ್ಲಾದರೂ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲು ಹತ್ತಬಹುದು. ಐಸಿಇಯಂಥ ವೇಗದ ರೈಲು ಮಾತ್ರ ಹತ್ತುವ ಹಾಗಿಲ್ಲ. ಒಂದು ತೊಡಕೆಂದರೆ ಅದು ಮಾಸಿಕ ಚಂದಾ. ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ನಾನು 5ಕ್ಕೆ ಕೊಂಡು ಮರುದಿನವೇ ರದ್ದು ಹಾಕಿದೆ. ಜೂನ್ ಮುಗಿಯುವ ತನಕ ಟಿಕೆಟ್ ನಡೆಯಿತು.

ಆಮೇಲೆ ಗೊತ್ತಾಯಿತು, ವಾರಾಂತ್ಯಕ್ಕಿಂತ ದೊಡ್ಡ ಆಸ್ತಿ ಸಂಜೆಗಳು ಅಂತ. ಐದಕ್ಕೆ ಆಫೀಸು ಬಿಟ್ಟರೆ ಜೂನ್‌ನಲ್ಲಿ ಒಂಬತ್ತೂವರೆಯ ತನಕ ಬೆಳಕು. ಸ್ಟುಟ್‌ಗಾರ್ಟ್ ಬಟ್ಟಲಿನಂಥ ಊರು; ತಳದಿಂದ ಗುಡ್ಡದ ಮನೆಗಳಿಗೆ ಹತ್ತಲು 400ಕ್ಕೂ ಹೆಚ್ಚು ಮೆಟ್ಟಿಲುದಾರಿಗಳಿವೆ. ದಿನಕ್ಕೊಂದು ಹತ್ತಿದೆ. ಒಂದು ಸಂಜೆ ವೈಸನ್‌ಹೋಫ್ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕಟ್ಟಿದ ಬಿಳಿ ಮನೆಗಳ ಮುಂದೆ ನಿಂತಿದ್ದೆ. 2016ರಲ್ಲಿ ಯುನೆಸ್ಕೊ ಇವನ್ನೂ ಅವರದೇ ವಿನ್ಯಾಸದ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವನ್ನೂ ಒಟ್ಟಿಗೇ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಮನೆ ಪುಟ್ಟದು, ಹತ್ತು ನಿಮಿಷಕ್ಕೆ ಮುಗಿಯಿತು. ನನಗೇನೂ ಬೇಸರವಾಗಲಿಲ್ಲ, ಅಲ್ಲಿಗೆ ಬರಲು ಪೈಸೆ ಖರ್ಚಾಗಿರಲಿಲ್ಲವಲ್ಲ!

ಫ್ರಾನ್ಸಿನ ಸ್ಟ್ರಾಸ್‌ಬರ್ಗಿಗೂ ಇದೇ ಟಿಕೆಟ್ಟಿನಲ್ಲಿ ಹೋದೆ, ಹೆಚ್ಚೂಕಡಿಮೆ. ಗಡಿಯ ಕೇಲ್ ಊರಿನ ತನಕ ಪ್ಯಾಸೆಂಜರ್ ರೈಲು, ಅಲ್ಲಿಂದ ಡಿ ನಂಬರಿನ ಟ್ರಾಮಿಗೆ ಬೇರೆ ಟಿಕೆಟ್. ಟ್ರಾಮು ಸೇತುವೆ ಹತ್ತಿ ರೈನ್ ನದಿ ದಾಟಿದರೆ ಫ್ರಾನ್ಸ್. ನನ್ನನ್ನು ಯಾರೂ ತಡೆಯಲಿಲ್ಲ, ಆದರೂ ಪಾಸ್‌ಪೋರ್ಟ್ ಜೇಬಿನಲ್ಲಿತ್ತು. ಅಲ್ಲಿನ ಗುಲಾಬಿ ಮರಳುಗಲ್ಲಿನ ಕೆಥೆಡ್ರಲ್‌ಗೆ ಒಂದೇ ಗೋಪುರ, 142 ಮೀಟರ್; ಜೋಡಿ ಗೋಪುರ ಏಳಲೇ ಇಲ್ಲ. ನಾನು ಹೋದದ್ದು ಒಳಗಿನ ಖಗೋಳ ಗಡಿಯಾರಕ್ಕಾಗಿ. ಈಗಿನ ಯಂತ್ರ 1842ರದ್ದು. ಅದರ ಮಧ್ಯಾಹ್ನ ಆಗುವುದು ನಮ್ಮ ಕೈಗಡಿಯಾರದ 12:30ಕ್ಕೆ. ಕಾಲು ಗಂಟೆಗೊಮ್ಮೆ ಮಗು, ಯುವಕ, ನಡುವಯಸ್ಸಿನವ, ಮುದುಕ ಹೀಗೆ ಒಂದೊಂದೇ ಗೊಂಬೆ ಸಾವಿನ ಮುಂದೆ ಹಾದುಹೋಗುತ್ತದೆ. 12:30ಕ್ಕೆ ಹನ್ನೆರಡು ಶಿಷ್ಯರು ಕ್ರಿಸ್ತನ ಮುಂದೆ ಸಾಗಿದರು, ಮೇಲಿದ್ದ ಹುಂಜ ರೆಕ್ಕೆ ಬಡಿದು ಮೂರು ಸಲ ಕೂಗಿತು. ಕೂಗು ಸ್ವಲ್ಪ ಗೊಗ್ಗರು. ಪಕ್ಕದ ಮಗು ಅಳು ಶುರುಮಾಡಿತು.

ಕೊನೆಯ ಭಾನುವಾರ ಟ್ಯೂಬಿಂಗನ್, ರೈಲಿನಲ್ಲಿ ಒಂದು ಗಂಟೆಯೂ ಇಲ್ಲ. 1477ರ ವಿಶ್ವವಿದ್ಯಾಲಯದ ಊರು. ಎಂಟು ವರ್ಷ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಓಡಾಡಿದ್ದರೂ ಕಿಟ್ಟೆಲ್ ನನಗೆ ಬರೀ ಅಲ್ಲಿನ ಒಂದು ಪ್ರತಿಮೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕನ್ನಡ-ಇಂಗ್ಲಿಷ್ ನಿಘಂಟಿನ ಪಾದ್ರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದು ಇದೇ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡಿದ್ದೂ ಇದೇ ಊರಿನಲ್ಲಿ ಅಂತ ಓದಿಕೊಂಡದ್ದು ರೈಲಿನಲ್ಲಿ ಕೂತ ಮೇಲೆ.

ನೆಕಾರ್ ನದಿಯಲ್ಲಿ ವಿದ್ಯಾರ್ಥಿಗಳು ಉದ್ದದ ಕೋಲು ಊರಿ ದೋಣಿ ನಡೆಸುತ್ತಾರೆ. ನನ್ನ ದೋಣಿಯ ಹುಡುಗನಿಗೆ ಕಿಟ್ಟೆಲ್ ಹೆಸರು ಗೊತ್ತಿರಲಿಲ್ಲ. ಕಥೆ ಕೇಳಿ, ನಿಮ್ಮ ಭಾಷೆಯದ್ದು ಒಂದು ಪದ ಹೇಳಿ ಅಂದ. ನೀರಿನ ಕಡೆ ಕೈ ತೋರಿಸಿ "ಹೊಳೆ" ಅಂದೆ. "ಹೋಲೆ" ಅಂದ. ನಾಲಿಗೆ ಹೇಗೆ ಮಡಿಸಬೇಕು ಅಂತ ಬಾಯಿ ತೆರೆದು ತೋರಿಸಿದೆ. ಸೇತುವೆಯಿಂದ ದಂಡೆಯ ಹಳದಿ ಗೋಪುರದ ತನಕ ಪ್ರಯತ್ನಪಟ್ಟ, "ಹೋಲೆ"ಯೇ.